ಬೆಂಗಳೂರಿನಲ್ಲಿ ಎಸ್ ಬ್ಯಾಡ್ಜ್ ಎಷ್ಟು ಬೆಲೆ ಬಾಳುತ್ತದೆ?

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ತಿಂಡಿ ಮುಗಿಸಿ ಕಾರಿನ ಬಗ್ಗೆ ಕೇಳಲು ಇಷ್ಟು ಜನ ಬಂದಿದ್ದೀರಿ, ಸಂತೋಷ. ಹೊರಗೆ ನಿಲ್ಲಿಸಿರುವ ಗಾಡಿಗಳನ್ನು ನೋಡಿದರೆ ನಮ್ಮಲ್ಲಿ ಸ್ಪೋರ್ಟ್ಸ್ ಕಾರ್ ಇರುವವರಿಗಿಂತ ಅದರ ಆಸೆ ಇಟ್ಟುಕೊಂಡವರೇ ಜಾಸ್ತಿ ಅನ್ನಿಸುತ್ತದೆ. ನಾನೂ ಅದೇ ಗುಂಪಿನವನು. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರಿಗೆ ನೋಡಿ ಹೇಳುವುದು ನನ್ನ ಕಸುಬು. ಹಾಗಾಗಿ ಊರವರ ಕಾರುಗಳ ಅಡಿಭಾಗವನ್ನೆಲ್ಲ ನೋಡುವ ಭಾಗ್ಯ ನನ್ನದು.

ಇವತ್ತಿನ ಪ್ರಶ್ನೆ ಇದು: ಸ್ಪೋರ್ಟ್ಸ್ ಕಾರ್ ಕೊಳ್ಳುವಾಗ ಬೇಸ್ ಮಾಡೆಲ್, ಅಂದರೆ ಎಲ್ಲಕ್ಕಿಂತ ಕೆಳಗಿನ ಮಾದರಿ ತಗೊಳ್ಳಬೇಕೋ, ಹಿಂದೆ ‘ಎಸ್’ ಬ್ಯಾಡ್ಜ್ ಹಚ್ಚಿದ, ಅದಕ್ಕಿಂತ ಶಕ್ತಿಯದ್ದೋ? ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಬೆಂಗಳೂರಿನಲ್ಲಿದ್ದು, ಇಲ್ಲಿಯ ರಸ್ತೆಯಲ್ಲೇ ಓಡಿಸುವುದಾದರೆ ಬೇಸ್. ಒಪ್ಪದವರು ಕೊನೆಯಲ್ಲಿ ಜಗಳ ಆಡಬಹುದು.

ಉದಾಹರಣೆಗೆ ಪೋರ್ಷೆ 911 ತಗೊಳ್ಳೋಣ. 2019ರಲ್ಲಿ ಬಂದ 992 ಪೀಳಿಗೆಯಲ್ಲಿ ಬೇಸ್ ಕರೇರಾಗೂ ಕರೇರಾ ಎಸ್‌ಗೂ ಎಂಜಿನ್ ಒಂದೇ, 3 ಲೀಟರಿನ ಆರು ಸಿಲಿಂಡರ್, ಎರಡು ಟರ್ಬೊ, ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಪಂಪು. ಎಸ್‌ನಲ್ಲಿ ಟರ್ಬೊ ದೊಡ್ಡವು. ಬಂದಾಗ ಬೇಸ್‌ಗೆ 385 ಅಶ್ವಶಕ್ತಿ, ಎಸ್‌ಗೆ 450 ಇತ್ತು. ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ಮುಟ್ಟಲು ಬೇಸ್‌ಗೆ 4.2 ಸೆಕೆಂಡು, ಎಸ್‌ಗೆ 3.7. ಗರಿಷ್ಠ ವೇಗ ಬೇಸ್‌ನದು 293, ಎಸ್‌ನದು 308.

ಈ ಎಸ್ ಅನ್ನುವ ಅಕ್ಷರಕ್ಕೆ ಹಳೆಯ ಮರ್ಯಾದೆ ಇದೆ. 1963ರಲ್ಲಿ ಮೊದಲು ಕಂಡ 911ಕ್ಕೆ ಇದ್ದದ್ದು 130 ಅಶ್ವಶಕ್ತಿ. 1966ರ 911 ಎಸ್‌ಗೆ 160 ಬಂತು, ಜೊತೆಗೆ ಗಾಳಿಯಾಡುವ ಬ್ರೇಕ್ ಡಿಸ್ಕ್, ಫೋರ್ಜ್ ಮಾಡಿದ ಅಲಾಯ್ ಚಕ್ರ. 130 ಇದ್ದ ಕಾಲದಲ್ಲಿ 30 ಹೆಚ್ಚು ಅಂದರೆ ಹತ್ತಿರ ಹತ್ತಿರ ಕಾಲು ಭಾಗ. ಓಡಿಸಿದವನಿಗೆ ಗೊತ್ತಾಗುವ ವ್ಯತ್ಯಾಸ. 1995ರ 911 ಟರ್ಬೊ ಆ ಕಾಲದ ರಾಜ, 408 ಅಶ್ವಶಕ್ತಿ, ಕಂಪನಿಯ ಲೆಕ್ಕದಲ್ಲೇ ನೂರಕ್ಕೆ 4.5 ಸೆಕೆಂಡು. ಅಂದರೆ 992ರ ‘ಬಡ’ ಕರೇರಾ ಆ ರಾಜನಿಗಿಂತ ಚುರುಕು. ಬೇಸ್ ಅಂದ ತಕ್ಷಣ ಮೂಗು ಮುರಿಯುವವರು ಇದನ್ನೊಮ್ಮೆ ನೆನಪಿಸಿಕೊಳ್ಳಬೇಕು.

ಅರ್ಧ ಸೆಕೆಂಡಿನ ಈ ವ್ಯತ್ಯಾಸ ನಮಗೆ ಎಲ್ಲಿ ಸಿಗುತ್ತದೆ? ಔಟರ್ ರಿಂಗ್ ರೋಡಿನ ವಿಷಯ ಬಿಡಿ. ಏರ್‌ಪೋರ್ಟ್ ರಸ್ತೆಯ ಫ್ಲೈಓವರ್ ಮೇಲೆ ಮಿತಿ 80, ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 100, ಅದೂ ಕ್ಯಾಮೆರಾ ಕಣ್ಣಿನಡಿ. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ದಾಟಿದವರ ಮೇಲೆ ಎಫ್‌ಐಆರ್ ಹಾಕುವ ಕ್ರಮ ಶುರುವಾಯಿತು. 293ಕ್ಕೂ 308ಕ್ಕೂ ಇರುವ ವ್ಯತ್ಯಾಸವನ್ನು ಚನ್ನಪಟ್ಟಣದ ಹತ್ತಿರ ಪರೀಕ್ಷಿಸಲು ಹೋದರೆ ಕಾರಿಗಿಂತ ವಕೀಲರ ಖರ್ಚು ಜಾಸ್ತಿ.

ಯಾರೂ ಬ್ರೋಷರ್‌ನಲ್ಲಿ ಓದದ ಒಂದು ಸಾಲಿದೆ, ಟೈರಿನ ಅಳತೆ. ಬೇಸ್ ಕರೇರಾದ ಮುಂದಿನ ಟೈರ್ 235/40, 19 ಇಂಚಿನ ಚಕ್ರ. ಎಸ್‌ನದು 245/35, 20 ಇಂಚು. ಮೊದಲ ಸಂಖ್ಯೆ ಅಗಲ, ಎರಡನೆಯದು ಆ ಅಗಲದಲ್ಲಿ ಶೇಕಡಾ ಎಷ್ಟು ಎತ್ತರದ ಗೋಡೆ ಅನ್ನುವುದು. 235ರಲ್ಲಿ ಶೇ 40 ಅಂದರೆ 94 ಮಿಲಿಮೀಟರ್. 245ರಲ್ಲಿ ಶೇ 35 ಅಂದರೆ 86ಕ್ಕೂ ಸ್ವಲ್ಪ ಕಡಿಮೆ. ಹಿಂದಿನ ಚಕ್ರದಲ್ಲಿ ಅಂತರ ಇನ್ನೂ ಹೆಚ್ಚು: ಬೇಸ್‌ನಲ್ಲಿ 103, ಎಸ್‌ನಲ್ಲಿ 91 ಚಿಲ್ಲರೆ.

ಎಂಟು ಮಿಲಿಮೀಟರ್ ಏನು ಮಹಾ ಅನ್ನಬಹುದು. ನಮ್ಮ ರಸ್ತೆಯನ್ನು ನೋಡಿ. ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ಚೇಂಬರ್ ಮುಚ್ಚಳ ಹಳ್ಳಕ್ಕೆ ಇಳಿದಿರುತ್ತದೆ. ಅದರ ಅಂಚು ಮೆಟ್ಟಿಲಿನ ಹಾಗೆ ಚೂಪು. ಮಳೆನೀರು ತುಂಬಿದರೆ ಕಾಣುವುದೂ ಇಲ್ಲ. ಚಕ್ರ ಅದಕ್ಕೆ ಬಿದ್ದಾಗ ಟೈರಿನ ಗೋಡೆ ಅಂಚಿಗೂ ರಿಮ್ಮಿಗೂ ನಡುವೆ ಸಿಕ್ಕಿ ಅಪ್ಪಚ್ಚಿಯಾಗುತ್ತದೆ. ಒಳಗಿನ ನೂಲು ಹರಿದರೆ ಆಮೇಲೆ ಹೊರಗೆ ನಿಂಬೆಹಣ್ಣಿನ ಗಾತ್ರದ ಬಬಲ್ ಎದ್ದು ನಿಲ್ಲುತ್ತದೆ. ಆ ಟೈರನ್ನು ರಿಪೇರಿ ಮಾಡಿಸುವ ಹಾಗಿಲ್ಲ, ಬಿಸಾಡಬೇಕು. ನಾನು ಗಾಡಿ ನೋಡುವಾಗ ಚಕ್ರದ ಹೊಳೆಯುವ ಮುಖ ನೋಡುವುದಿಲ್ಲ. ಲಿಫ್ಟ್ ಮೇಲೆ ಏರಿಸಿ ರಿಮ್ಮಿನ ಒಳಅಂಚಿನ ಸುತ್ತ ಹೆಬ್ಬೆರಳು ಓಡಿಸುತ್ತೇನೆ. ಪೆಟ್ಟು ಬಿದ್ದ ಕಡೆ ಅಂಚು ಒಳಗೆ ತಗ್ಗಿರುತ್ತದೆ, ಕೆಲವೊಮ್ಮೆ ವೆಲ್ಡಿಂಗ್ ಮಾಡಿ ಬಣ್ಣ ಬಳಿದ ಉಬ್ಬು ಸಿಗುತ್ತದೆ. ತಗ್ಗು ಗೋಡೆಯ ಟೈರ್ ಹಾಕಿದ ಕಾರುಗಳಲ್ಲಿ ಇದನ್ನು ಕಾಣುವುದು ಜಾಸ್ತಿ. ಬೇಸ್ ಕೊಂಡು, ನೋಟಕ್ಕೆ ಅಂತ ದುಡ್ಡು ಕೊಟ್ಟು ದೊಡ್ಡ ಚಕ್ರ ಹಾಕಿಸಿಕೊಳ್ಳುವ ಪುಣ್ಯಾತ್ಮರೂ ಇದ್ದಾರೆ.

ಇನ್ನು ನಮ್ಮ ಊರಿನ ಗಾಳಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ಗಾಳಿಯ ಸಾಂದ್ರತೆ ಮಂಗಳೂರಿನ ಕಡಲತಡಿಗಿಂತ ಶೇ 8-9ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಎಳೆದುಕೊಳ್ಳುವ ಆಮ್ಲಜನಕ ಅಷ್ಟು ಕಡಿಮೆಯಾಗುತ್ತದೆ, ಶಕ್ತಿಯೂ ಅದೇ ಲೆಕ್ಕದಲ್ಲಿ ಇಳಿಯುತ್ತದೆ. ಟರ್ಬೊ ಇದ್ದರೆ ಅದು ಇನ್ನಷ್ಟು ಜೋರಾಗಿ ತಿರುಗಿ ಕೊರತೆಯ ಬಹುಪಾಲನ್ನು ತುಂಬಿಕೊಳ್ಳುತ್ತದೆ. ಪೋರ್ಷೆಯದೇ 718 ಕೇಮನ್ ನೋಡಿ. ಎಸ್‌ನಲ್ಲಿ ನಾಲ್ಕು ಸಿಲಿಂಡರಿನ 2.5 ಲೀಟರ್ ಟರ್ಬೊ, 350 ಅಶ್ವಶಕ್ತಿ. ಅದರ ಮೇಲಿನ ಜಿಟಿಎಸ್ 4.0ದಲ್ಲಿ ಟರ್ಬೊ ಇಲ್ಲದ ಆರು ಸಿಲಿಂಡರ್, 400. ಕಾಗದದ ಮೇಲೆ 50ರ ಅಂತರ. ಬೆಂಗಳೂರಿನಲ್ಲಿ ಆ 400 ಇಳಿದು 365ರ ಆಸುಪಾಸಿಗೆ ಬರುತ್ತದೆ. ಹೆಚ್ಚಿಗೆ ಕೊಟ್ಟ ದುಡ್ಡಿಗೆ ಸಿಕ್ಕಿದ್ದು ಹದಿನೈದೋ ಇಪ್ಪತ್ತೋ.

ಆದರೂ ಯಾರಾದರೂ ಜಿಟಿಎಸ್ ತಗೊಳ್ಳುತ್ತೇನೆ ಅಂದರೆ ನಾನು ಬೇಡ ಅನ್ನುವುದಿಲ್ಲ. ಆ ಎಂಜಿನ್ನಿನ ದನಿ ಹಾಗಿದೆ. ನಾಲ್ಕು ಸಿಲಿಂಡರಿನ 718 ಎಷ್ಟೇ ಚೆನ್ನಾಗಿ ಓಡಿದರೂ ಕಿವಿಗೆ ಒಗ್ಗುವುದಿಲ್ಲ. ಕಿವಿಗಾಗಿ ಕೊಡುವ ದುಡ್ಡು ನ್ಯಾಯವಾದದ್ದೇ. ಅದಕ್ಕೆ ‘ಪರ್ಫಾರ್ಮೆನ್ಸ್’ ಅಂತ ಹೆಸರಿಡಬೇಡಿ, ಅಷ್ಟೆ.

ಈಗ ದುಡ್ಡು. ಜರ್ಮನಿಯಲ್ಲಿ ಎರಡು ಮಾದರಿಗಳ ನಡುವೆ ನೂರು ರೂಪಾಯಿ ವ್ಯತ್ಯಾಸ ಇದೆ ಅಂದುಕೊಳ್ಳಿ. ಹೊರದೇಶದಿಂದ ಪೂರ್ತಿ ಸಿದ್ಧವಾಗಿ ಬರುವ, 40,000 ಡಾಲರ್ ಮೀರಿದ ಕಾರಿಗೆ 2025ರ ಬಜೆಟ್ಟಿನ ಪ್ರಕಾರ ಸುಂಕ, ಸೆಸ್ ಎಲ್ಲ ಸೇರಿ ಶೇ 110. ನೂರು ಇನ್ನೂರಹತ್ತಾಯಿತು. 2025ರ ಸೆಪ್ಟೆಂಬರ್‌ನಿಂದ ಇಂಥ ಕಾರಿಗೆ ಜಿಎಸ್‌ಟಿ ಶೇ 40, ಇನ್ನೂರ ತೊಂಬತ್ತನಾಲ್ಕು. ನಮ್ಮ ರಾಜ್ಯದಲ್ಲಿ 20 ಲಕ್ಷ ಮೀರಿದ ಕಾರಿಗೆ ಲೈಫ್ ಟ್ಯಾಕ್ಸ್ ಶೇ 18, ಅದರ ಮೇಲೆ ಸೆಸ್. ಒಟ್ಟು ಮುನ್ನೂರೈವತ್ತರ ಹತ್ತಿರ. ಡೀಲರ್ ಲಾಭ, ಇನ್ಶೂರೆನ್ಸ್ ಇನ್ನೂ ಸೇರಿಸಿಲ್ಲ. ಜರ್ಮನಿಯವನು ಯೋಚಿಸದೆ ಎಸ್ ತಗೊಂಡ ಅಂತ ನಾವೂ ಹಾಗೇ ಮಾಡಲಾಗುವುದಿಲ್ಲ. ‘ಟ್ಯಾಕ್ಸ್ ಉಳಿಸಲು ಪಾಂಡಿಚೇರಿ ನಂಬರ್ ಮಾಡಿಸಿದರೆ ಆಯಿತಲ್ಲ ಸಾರ್’ ಅನ್ನುವವರಿಗೆ ಒಂದು ಮಾತು: 2025ರ ಜುಲೈನಲ್ಲಿ ಹೊರರಾಜ್ಯದ ನಂಬರಿನ ಒಂದು ಫೆರಾರಿಯ ಮಾಲೀಕರಿಂದ ನಮ್ಮ ಸಾರಿಗೆ ಇಲಾಖೆ ವಸೂಲಿ ಮಾಡಿದ್ದು 1.4 ಕೋಟಿ ರೂಪಾಯಿಗೂ ಮಿಕ್ಕಿ.

ರೀಸೇಲ್ ಬಗ್ಗೆಯೂ ಕೇಳುತ್ತಾರೆ. ಎಸ್‌ಗೆ ಗಿರಾಕಿ ಬೇಗ ಸಿಗಬಹುದು. ಆದರೆ ನೀವು ಮುನ್ನೂರೈವತ್ತು ಕೊಟ್ಟದ್ದರಲ್ಲಿ ಇನ್ನೂರೈವತ್ತು ಹೋದದ್ದು ಸರ್ಕಾರಕ್ಕೆ. ಅದಕ್ಕೆ ಬೆಲೆ ಕಟ್ಟುವ ಗಿರಾಕಿಯನ್ನು ನಾನಂತೂ ಕಂಡಿಲ್ಲ.

ಹಾಗಾದರೆ ಎಸ್ ಯಾರಿಗೆ? ಟ್ರ್ಯಾಕಿಗೆ ಹೋಗುವವರಿಗೆ, ಅನುಮಾನವೇ ಇಲ್ಲ. ಬೇಸ್‌ನಲ್ಲಿ ಮುಂದಿನ ಬ್ರೇಕ್ ಡಿಸ್ಕ್ 330 ಮಿ.ಮೀ., ಅದನ್ನು ಒತ್ತಿ ಹಿಡಿಯಲು ನಾಲ್ಕು ಪಿಸ್ಟನ್. ಎಸ್‌ನಲ್ಲಿ 350, ಆರು ಪಿಸ್ಟನ್. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲೋ ಒಂದರ ಹಿಂದೆ ಒಂದು ಸುತ್ತು ಹೊಡೆದಾಗ ಬ್ರೇಕ್ ಕಾದು ಪೆಡಲ್ ಮೆತ್ತಗಾಗುವುದು ಯಾವಾಗ ಅನ್ನುವುದೇ ಪ್ರಶ್ನೆ. ಅಲ್ಲಿ ಆ 20 ಮಿಲಿಮೀಟರಿಗೆ ಬೆಲೆ ಇದೆ. ವರ್ಷಕ್ಕೊಮ್ಮೆ ಹೋಗಿ ಫೋಟೊ ತೆಗೆಸಿಕೊಂಡು ಬರುವವರನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ನನಗೆ ಕೊಡಿಸುವವರಿದ್ದರೆ ಎರಡೂ ಬಿಟ್ಟು 2022ರಲ್ಲಿ ಬಂದ ಕರೇರಾ ಟಿ ಕೇಳುತ್ತಿದ್ದೆ. ಬೇಸ್‌ನದೇ 385 ಅಶ್ವಶಕ್ತಿ, ಆದರೆ ಕೈಯಲ್ಲಿ ಗೇರ್ ಹಾಕುವ ಭಾಗ್ಯ, ತೂಕ 35 ಕಿಲೋ ಕಡಿಮೆ. ಸಸ್ಪೆನ್ಷನ್ ಮಾತ್ರ 10 ಮಿ.ಮೀ. ತಗ್ಗು. ನಮ್ಮ ಬಡಾವಣೆಯ ಹಂಪ್‌ಗಳನ್ನು ನೆನೆದಾಗ ಆಸೆ ಸ್ವಲ್ಪ ತಣ್ಣಗಾಗುತ್ತದೆ.

ಇಷ್ಟೆಲ್ಲ ಕೇಳಿ ‘ನಮ್ಮ ಬಜೆಟ್ಟಿನ ಕಾರಿಗೂ ಬೇಸ್ ಎಂಜಿನ್ನೇ ಸಾಕಾ’ ಅಂತ ಕೇಳಬೇಡಿ. ಅಲ್ಲಿ ನನ್ನ ಉತ್ತರ ಉಲ್ಟಾ. ಫೋಕ್ಸ್‌ವ್ಯಾಗನ್ ವರ್ಟಸ್‌ನಲ್ಲಿ 1.0 ಲೀಟರಿಗೆ 115 ಅಶ್ವಶಕ್ತಿ, 1.5ಕ್ಕೆ 150, ಟಾರ್ಕ್, ಅಂದರೆ ತಿರುಗಿಸುವ ಬಲ, 178ರಿಂದ 250 ನ್ಯೂಟನ್ ಮೀಟರಿಗೆ ಏರುತ್ತದೆ. ನಾಲ್ಕು ಜನ ಕೂತು, ಎಸಿ ಹಾಕಿಕೊಂಡು, ಶಿರಾಡಿ ಘಾಟಿಯಲ್ಲಿ ಲಾರಿಯ ಹಿಂದೆ ಸಿಕ್ಕಿಕೊಂಡಾಗ ಆ ವ್ಯತ್ಯಾಸವನ್ನು ಪೂರ್ತಿ ಬಳಸುತ್ತೀರಿ, ಕಾನೂನಿನ ಮಿತಿಯೊಳಗೇ. ಆ ಗಾಡಿಯಲ್ಲಿ ದುಡ್ಡಿದ್ದರೆ ದೊಡ್ಡ ಎಂಜಿನ್ನೇ ತಗೊಳ್ಳಿ. ಟೆಸ್ಟ್ ಡ್ರೈವ್‌ಗೆ ಶೋರೂಮಿನವರು ತೋರಿಸುವ ನುಣುಪು ರಸ್ತೆ ಬೇಡ ಅನ್ನಿ. ನಿಮ್ಮ ಮನೆಯ ಬೀದಿಗೆ ತನ್ನಿ, ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿಸಿ ಹತ್ತಿಸಿ. ಸ್ಪೋರ್ಟ್ಸ್ ಕಾರಿನವರಿಗಂತೂ ಇದು ಮೊದಲ ಪರೀಕ್ಷೆ. ಮೂಗು ಅಲ್ಲೇ ಉಜ್ಜಿದರೆ ಎಸ್ಸೋ ಬೇಸೋ ಅನ್ನುವ ಚರ್ಚೆಯೇ ಬೇಕಾಗುವುದಿಲ್ಲ.

ಈಗ ಪ್ರಶ್ನೆಗಳಿದ್ದರೆ ಕೇಳಿ. ಜಗಳಕ್ಕೆ ಬಂದವರು ಮೊದಲು.