ದೇವರ ಮನೆಯ ಜಗಳ, ವೀರರ ಹೆಗಲ ಮೇಲೆ

ಕೇಳುಗರಿಗೆ ನಮಸ್ಕಾರ. ಪುರಾಣದ ದೇವರೊಬ್ಬನು ಸೂಪರ್‌ಹೀರೊಗಳ ತಂಡಕ್ಕೆ ಸೇರಿದರೆ ತಂಡದ ಬಲ ಹೆಚ್ಚುತ್ತದೆ ಎಂದು ನಾವು ಎಣಿಸುವುದು ಸಹಜ. ಆದರೆ ಅಮೆರಿಕದ ಮಾರ್ವೆಲ್ ಕಾಮಿಕ್ಸ್‌ನ ಹಳೆಯ ಸಂಚಿಕೆಗಳನ್ನು ಓದುತ್ತ ಹೋದಂತೆ, ಅಂಥ ದೇವರ ಹಿಂದೆಯೇ ಅವನ ಅಪ್ಪ, ತಮ್ಮ, ಮಲತಾಯಿಯರ ಕಲಹಗಳೂ ಬಾಗಿಲು ದಾಟಿ ಒಳಗೆ ಬರುತ್ತವೆ ಎಂಬುದು ಗೋಚರವಾಗುತ್ತದೆ. ಕಥೆಗೆ ಅವನ ಬಲಕ್ಕಿಂತ ಆ ಕಲಹಗಳೇ ಹೆಚ್ಚು ಉಪಯೋಗಕ್ಕೆ ಬಂದಿವೆ ಎಂಬುದು ನನ್ನ ಅಭಿಪ್ರಾಯ.

ಬಲವಂತೂ ಕಥೆಗಾರನಿಗೆ ತೊಡಕೇ ಸರಿ, ಏಕೆಂದರೆ ಸೋಲೇ ಇಲ್ಲದ ದೇವರು ಪಕ್ಕದಲ್ಲಿದ್ದರೆ ಉಳಿದ ವೀರರಿಗೆ ಮಾಡುವುದಕ್ಕೆ ಕೆಲಸವೇ ಇರುವುದಿಲ್ಲ. 1962ರಲ್ಲಿ ಸ್ಟ್ಯಾನ್ ಲೀ, ಲ್ಯಾರಿ ಲೀಬರ್ ಮತ್ತು ಜ್ಯಾಕ್ ಕರ್ಬಿ ಅವರು ಉತ್ತರ ಯುರೋಪಿನ ನಾರ್ಸ್ ಪುರಾಣದ ಗುಡುಗಿನ ದೇವರಾದ ಥಾರ್‌ನನ್ನು ಕಾಮಿಕ್ಸ್‌ಗೆ ತಂದಾಗ, ಅವನನ್ನು ಡೊನಾಲ್ಡ್ ಬ್ಲೇಕ್ ಎಂಬ ಕಾಲು ಕುಂಟುವ ವೈದ್ಯನೊಳಗೆ ಅಡಗಿಸಿಟ್ಟರು. ಬ್ಲೇಕ್ ತನ್ನ ಊರುಗೋಲನ್ನು ನೆಲಕ್ಕೆ ಬಡಿದರೆ ಅದು ಸುತ್ತಿಗೆಯಾಗಿ, ಅವನು ಥಾರ್ ಆಗುತ್ತಾನೆ. ಆ ಸುತ್ತಿಗೆ 60 ಸೆಕೆಂಡುಗಳ ಕಾಲ ಕೈಬಿಟ್ಟರೆ ಮತ್ತೆ ಕುಂಟುವ ವೈದ್ಯನೇ. ಈ ಉಪಾಯ ಜಾಣತನದ್ದು, ಆದರೆ ಇದರಿಂದ ಒಂಟಿ ನಾಯಕನ ಕಥೆಯಷ್ಟೇ ನಡೆದೀತು.

ತಂಡದ ಕಥೆಗೆ ಬೇಕಾದ ಕಿಚ್ಚನ್ನು ಹೊತ್ತಿಸಿದವನು ಲೋಕಿ. ಐಸ್‌ಲೆಂಡಿನ ಹಳೆಯ ಎಡ್ಡಾ ಕಾವ್ಯದಲ್ಲಿ ಲೋಕಿಯು ದೈತ್ಯನ ಮಗ, ಥಾರ್‌ನ ತಂದೆಯೂ ದೇವತೆಗಳ ಒಡೆಯನೂ ಆದ ಓಡಿನ್‌ನೊಡನೆ ರಕ್ತ ಬೆರೆಸಿ ಅವನಿಗೆ ಸೋದರನಾದವನು. ಕಾಮಿಕ್ಸ್‌ನವರು ಅವನನ್ನು ಓಡಿನ್‌ನ ಸಾಕುಮಗನನ್ನಾಗಿ ಮಾಡಿ, ಥಾರ್‌ನ ಜೊತೆಯಲ್ಲೇ ಬೆಳೆದ ದಾಯಾದಿಯನ್ನಾಗಿಸಿದರು. ದಾಯಾದಿ ಮತ್ಸರ ಎಂಥದೆಂದು ಮಹಾಭಾರತವನ್ನು ಕೇಳಿ ಬೆಳೆದ ನಮಗೆ ಯಾರೂ ವಿವರಿಸಬೇಕಾಗಿಲ್ಲ.

1963ರಲ್ಲಿ ಹೊರಬಂದ ‘ಅವೆಂಜರ್ಸ್’ ಎಂಬ ವೀರರ ತಂಡದ ಮೊದಲ ಸಂಚಿಕೆಯಲ್ಲಿ ಸೆರೆಯಲ್ಲಿರುವ ಲೋಕಿ, ಥಾರ್‌ನನ್ನು ಕಾಳಗಕ್ಕೆ ಎಳೆಯುವ ಸಲುವಾಗಿ, ರೈಲು ಹಳಿಯ ಮೇಲೆ ಸಿಡಿಮದ್ದಿನ ಭ್ರಮೆಯನ್ನು ಹುಟ್ಟಿಸಿ ಹಲ್ಕ್ ಎಂಬ ಮಹಾಬಲನ ಮೇಲೆ ಅಪವಾದ ಬರುವಂತೆ ಮಾಡುತ್ತಾನೆ. ಹಲ್ಕ್‌ನ ಗೆಳೆಯನಾದ ಹುಡುಗನೊಬ್ಬ ತನ್ನ ಸಂಗಡಿಗರೊಡನೆ ಫೆಂಟಾಸ್ಟಿಕ್ ಫೋರ್ ಎಂಬ ಮತ್ತೊಂದು ವೀರರ ತಂಡಕ್ಕೆ ರೇಡಿಯೊ ಮೂಲಕ ಕರೆ ಕಳಿಸಿದಾಗ, ಆ ಅಲೆಗಳನ್ನು ಲೋಕಿ ಥಾರ್‌ನ ಕಡೆಗೆ ತಿರುಗಿಸುತ್ತಾನೆ. ಆದರೆ ಐರನ್ ಮ್ಯಾನ್, ಆ್ಯಂಟ್‌ಮ್ಯಾನ್ ಮತ್ತು ವಾಸ್ಪ್ ಎಂಬ ವೀರರು ಕೂಡ ಅದನ್ನು ಕೇಳಿಸಿಕೊಂಡುಬಿಡುತ್ತಾರೆ. ಪ್ರಸಾರವೊಂದು ಉದ್ದೇಶಿಸಿದವರನ್ನು ಬಿಟ್ಟು ಬೇರೆಯವರನ್ನು ತಲುಪಿದ್ದರಿಂದ ತಂಡ ಹುಟ್ಟಿತೆಂಬುದು ಬಾನುಲಿಯಲ್ಲಿ ಮಾತನಾಡುತ್ತಿರುವ ನನಗೆ ಬಹಳ ಹಿಡಿಸಿದ ಪ್ರಸಂಗ. ಅಣ್ಣತಮ್ಮಂದಿರ ವೈರವಿಲ್ಲದಿದ್ದರೆ ಆ ವೀರರು ಒಂದೆಡೆ ಸೇರುತ್ತಲೇ ಇರಲಿಲ್ಲ.

ಇದಕ್ಕಿಂತ ಗಟ್ಟಿಯಾದ ಕಥೆ ಹರ್ಕ್ಯುಲಿಸ್‌ನದು. 1960ರ ದಶಕದಲ್ಲೇ ತಂಡ ಸೇರಿದ್ದ ಈ ಗ್ರೀಕ್ ವೀರನಿಗೆ, 1986ರ ಹೊತ್ತಿಗೆ ವಾಸ್ಪ್ ಎಂಬ ಹೆಂಗಸು ತಂಡದ ಮುಖ್ಯಸ್ಥೆಯಾಗಿದ್ದುದು ಸಹಿಸದಾಗಿತ್ತು. ರೋಜರ್ ಸ್ಟರ್ನ್ ಬರೆದು ಜಾನ್ ಬುಸೆಮಾ ಚಿತ್ರ ಬರೆದ ಕಥಾಸರಣಿಯಲ್ಲಿ, ಶತ್ರುಗಳು ಅವೆಂಜರ್ಸ್ ನಿವಾಸವನ್ನು ವಶಪಡಿಸಿಕೊಂಡಾಗ, ಕುಡಿದ ಅಮಲಿನಲ್ಲಿದ್ದ ಅವನು ಆಕೆಯ ಆಜ್ಞೆಯನ್ನು ಮೀರಿ ಒಬ್ಬನೇ ನುಗ್ಗುತ್ತಾನೆ. ಹಲವರು ಮುತ್ತಿ ಹೊಡೆದ ಪೆಟ್ಟಿಗೆ ಪ್ರಜ್ಞೆ ತಪ್ಪಿ ಬೀಳುತ್ತಾನೆ. ದೇವಾಂಶ ಇರುವವನೂ ಹೀಗೆ ನೆಲಕ್ಕೆ ಒರಗಬಹುದೆಂದು ತೋರಿಸಿದ ಆ ಪುಟಗಳು, ಸುತ್ತಿಗೆಯ 60 ಸೆಕೆಂಡುಗಳ ನಿಯಮಕ್ಕಿಂತ ಎಷ್ಟೋ ಪ್ರಾಮಾಣಿಕವಾಗಿವೆ, ಏಕೆಂದರೆ ಇಲ್ಲಿ ಸೋಲು ಬರುವುದು ಪಾತ್ರದ ಅಹಂಕಾರದಿಂದ.

ಮರುವರ್ಷ ಇದರ ಫಲ ತಂಡದ ತಲೆಯ ಮೇಲೆ ಬಿತ್ತು. ಮಗನಾದ ಹರ್ಕ್ಯುಲಿಸ್‌ನ ಸ್ಥಿತಿಯನ್ನು ಕಂಡ ಗ್ರೀಕ್ ದೇವರಾಜ ಜ್ಯೂಸ್, ತಪ್ಪು ಯಾರದೆಂದು ವಿಚಾರಿಸದೆ, ಅವೆಂಜರ್ಸ್‌ನವರನ್ನೇ ಅಪರಾಧಿಗಳೆಂದು ತೀರ್ಮಾನಿಸಿ ಅವರ ಮೇಲೆ ಒಲಿಂಪಸ್ಸಿನ ದೇವತೆಗಳನ್ನು ಹರಿಯಬಿಟ್ಟನು. ಮೂಲ ಪುರಾಣದಲ್ಲಿಯೂ ಹರ್ಕ್ಯುಲಿಸ್‌ನ ಸಂಕಟಗಳಿಗೆ ಮಲತಾಯಿ ಹೇರಾಳ ಹಗೆಯೇ ಕಾರಣವಾಗಿತ್ತೆಂಬುದನ್ನು ನೆನೆದರೆ, ಸ್ಟರ್ನ್ ಅವರು ವೇಷಭೂಷಣಗಳನ್ನು ಬದಲಿಸಿದರೂ ಆ ಮನೆತನದ ಸ್ವಭಾವವನ್ನು ಬದಲಿಸಲಿಲ್ಲ ಎನ್ನಬೇಕಾಗುತ್ತದೆ. ಕಡೆಗೆ ಹರ್ಕ್ಯುಲಿಸ್ ಚೇತರಿಸಿಕೊಂಡ ಮೇಲಷ್ಟೇ ಜ್ಯೂಸ್‌ನ ಕೋಪ ಇಳಿಯಿತು. ಅಷ್ಟರವರೆಗೆ ಆ ತಂಡದವರು ಹೋರಾಡಿದ್ದು ಲೋಕವನ್ನು ಉಳಿಸಲೆಂದಲ್ಲ, ಗೆಳೆಯನ ತಂದೆಯಿಂದ ತಾವು ಬದುಕಿ ಉಳಿಯಲೆಂದು. ನಮಸ್ಕಾರ.