ಹೊಸ್ತಿಲ ಮುಂದಿನ ಗೆರೆಗಳು

ಕೇಳುಗರಿಗೆ ನಮಸ್ಕಾರ.

ನಮ್ಮ ತಂದೆಯವರು ಮೈಸೂರು ಸೀಮೆಯ ಹಳ್ಳಿ ಶಾಲೆಗಳಲ್ಲಿ ಮೇಷ್ಟರಾಗಿದ್ದವರು. ಕರಿಹಲಗೆಯ ಮೇಲೆ ಅವರು ಬರೆದದ್ದು ಕೊನೆಯ ಸಾಲಿನ ಮಕ್ಕಳಿಗೂ ಕಾಣುತ್ತಿತ್ತು. ನಿವೃತ್ತಿಯಾದ ಕೆಲವು ವರ್ಷಗಳಲ್ಲಿ ಆ ಅಕ್ಷರ ಕುಗ್ಗತೊಡಗಿತು. ಸಾಲಿನ ಮೊದಲ ಪದ ಕಡಲೆಕಾಳಿನಷ್ಟಿದ್ದರೆ ಕೊನೆಯದು ಸಾಸಿವೆ. ಸಹಿ ಹೊಂದುವುದಿಲ್ಲವೆಂದು ಬ್ಯಾಂಕಿನವರು ಪಿಂಚಣಿ ಕೊಡದೆ ಮೂರು ಸಲ ಹಿಂದಕ್ಕೆ ಕಳುಹಿಸಿದರು. ಕೈ ನಡುಗುತ್ತಿರಲಿಲ್ಲ. ಹಾಗಾಗಿ ಇದು ಪಾರ್ಕಿನ್ಸನ್ ಕಾಯಿಲೆ ಇರಬಹುದೆಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ವಯಸ್ಸಾಯಿತಲ್ಲ ಎಂದುಕೊಂಡೇ ಒಂದೂವರೆ ವರ್ಷ ಕಳೆದೆವು.

ಮೆದುಳಿನ ಒಂದು ಭಾಗದಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಕೋಶಗಳು ಕ್ರಮೇಣ ನಶಿಸುವುದರಿಂದ ಈ ಕಾಯಿಲೆ ಬರುತ್ತದೆ. ನಡುಕ ಅದರ ಒಂದು ಲಕ್ಷಣ ಮಾತ್ರ. ನಡಿಗೆ ನಿಧಾನವಾಗುತ್ತದೆ, ಮೈ ಬಿಗಿಯುತ್ತದೆ, ಮುಖದ ಮೇಲೆ ಭಾವನೆ ಮೂಡುವುದು ಕಡಿಮೆಯಾಗುತ್ತದೆ. ಮನೆಗೆ ಬಂದ ನೆಂಟರು ‘ಮೇಷ್ಟರಿಗೆ ನಮ್ಮ ಮೇಲೆ ಏನಾದರೂ ಬೇಸರವೇ?’ ಎಂದು ಕೇಳಿದ್ದುಂಟು. ಅಪ್ಪನಿಗೆ ಒಳಗೆ ಸಂತೋಷವೇ ಇರುತ್ತಿತ್ತು.

ವೈದ್ಯರು ಮಾತ್ರೆ ಬರೆದುಕೊಟ್ಟರು, ಗುಣವೂ ಕಂಡಿತು. ಆದರೆ ಕೋಣೆಯಿಂದ ಪಡಸಾಲೆಗೆ ಬರುವಾಗ ಹೊಸ್ತಿಲ ಮುಂದೆ ಅಪ್ಪನ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಿತ್ತು. ನಾವು ಕೈ ಹಿಡಿದು ಎಳೆಯುತ್ತಿದ್ದೆವು. ಅದು ತಪ್ಪೆಂದು ತಿಳಿಸಿದವರು ಫಿಸಿಯೋಥೆರಪಿಸ್ಟ್. ಹೊಸ್ತಿಲ ಈಚೆಗೆ ಒಂದೊಂದು ಹೆಜ್ಜೆಯ ಅಂತರದಲ್ಲಿ ಅಡ್ಡಗೆರೆ ಎಳೆಯಿರಿ, ಗೆರೆ ದಾಟಿ ಎಂದಷ್ಟೇ ಹೇಳಿ ಎಂದರು. ಮನೆಯಲ್ಲಿ ಸೀಮೆಸುಣ್ಣಕ್ಕೇನು ಬರ. ನಾಲ್ಕು ಗೆರೆ ಎಳೆದೆವು. ಅಪ್ಪ ಒಂದು ಕ್ಷಣ ನೋಡಿದರು, ಮೊದಲ ಗೆರೆ ದಾಟಿದರು, ಎರಡನೆಯದನ್ನೂ ದಾಟಿದರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಇದನ್ನು ಹೇಳಿಕೊಡುವವರು ಇದ್ದಾರೆಂದು ತಿಳಿಯುವುದಕ್ಕೇ ನಮಗೆ ಅಷ್ಟು ದಿನ ಬೇಕಾಯಿತಲ್ಲ ಎಂಬ ಸಂಕಟ ನನಗಿನ್ನೂ ಹೋಗಿಲ್ಲ. ಈ ಮೈಕಿನ ಮುಂದೆ ಕುಳಿತದ್ದೂ ಅದಕ್ಕೇ.

ಧ್ವನಿ ಕ್ಷೀಣಿಸಿದ್ದರೆ, ಕಾಫಿ ಕುಡಿಯುವಾಗ ಪದೇ ಪದೇ ಕೆಮ್ಮು ಬರುತ್ತಿದ್ದರೆ ಅದಕ್ಕೂ ತರಬೇತಿಯಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಕ್ಕಳಿಗಷ್ಟೇ ಎಂದು ಬಹಳ ಜನ ತಿಳಿದಿದ್ದಾರೆ. ಮಾತಿನ ಮತ್ತು ನುಂಗುವ ತೊಂದರೆಯಿರುವ ಹಿರಿಯರನ್ನೂ ಅಲ್ಲಿ ನೋಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಅಂತೂ ಇದ್ದೇ ಇದೆ. ಮುಂಬೈಯಲ್ಲಿ 2001ರಲ್ಲಿ ಆರಂಭವಾದ ಪಾರ್ಕಿನ್ಸನ್ಸ್ ಡಿಸೀಸ್ ಆ್ಯಂಡ್ ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿ ದೇಶದ ಹಲವು ಊರುಗಳಲ್ಲಿ ಕಾಯಿಲೆಯವರನ್ನೂ ಮನೆಯವರನ್ನೂ ಒಟ್ಟಿಗೆ ಕೂರಿಸಿ, ಹಣ ಪಡೆಯದೆ, ವ್ಯಾಯಾಮ ಮಾಡಿಸುತ್ತದೆ, ಮಾತನಾಡಿಸುತ್ತದೆ.

ಇನ್ನು ತೀರ ಹತ್ತಿರದ ಬಾಗಿಲು, ನಿಮ್ಮ ಗ್ರಾಮ ಪಂಚಾಯಿತಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಪಾರ್ಕಿನ್ಸನ್ ಕೂಡ ಒಂದು. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ವಿ.ಆರ್.ಡಬ್ಲ್ಯೂ. ಎಂದರೆ ಕಚೇರಿಯಲ್ಲಿ ಎಲ್ಲರಿಗೂ ಗೊತ್ತು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಸುವುದು ಅವರ ಕೆಲಸ. ವೈಕಲ್ಯದ ಪ್ರಮಾಣ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸರ್ಕಾರದ ಸೌಲಭ್ಯಗಳನ್ನು ಕೇಳಬಹುದು. ಬ್ಯಾಂಕಿನ ವಿಷಯವೂ ಹಾಗೆಯೇ. ಕಾಯಿಲೆಯಿಂದ ಸಹಿ ಮಾಡಲಾಗದವರು ಇಬ್ಬರು ಸಾಕ್ಷಿಗಳ ಮುಂದೆ ಹೆಬ್ಬೆಟ್ಟು ಒತ್ತಿ ಹಣ ಪಡೆಯಲು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಅಪ್ಪನಿಗೆ ಹೆಬ್ಬೆಟ್ಟೊತ್ತುವುದು ಬಹಳ ಕಷ್ಟವಾಯಿತು, ನೂರಾರು ಮಕ್ಕಳಿಗೆ ಸಹಿ ಕಲಿಸಿದ ಕೈ ಅದು. ಆದರೂ ಒತ್ತಿದರು.

ಅಮ್ಮನ ಮಾತು ಹೇಳದಿದ್ದರೆ ಆಗದು. ಅಪ್ಪನಿಗೆ ರಾತ್ರಿ ಮಗ್ಗುಲು ಬದಲಿಸಲು ಆಗುವುದಿಲ್ಲ. ಮೂರು ನಾಲ್ಕು ಸಲ ಎದ್ದು ಹೊರಳಿಸುವವರು ಅಮ್ಮ. ಅವರಿಗೂ ಅರುವತ್ತೆಂಟು. ಒಂದು ದಿನ ಒಲೆಯ ಮೇಲೆ ಹಾಲಿಟ್ಟು ಅಲ್ಲೇ ಗೋಡೆಗೊರಗಿ ನಿದ್ದೆ ಹೋಗಿದ್ದರು. ನೋಡಿಕೊಳ್ಳುವವರ ದಣಿವನ್ನು, ಮನಸ್ಸಿನ ಭಾರವನ್ನು ಹೇಳಿಕೊಳ್ಳಲು ಟೆಲಿ ಮನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತನಾಡುತ್ತಾರೆ. ಹಿರಿಯರ ಇತರ ವಿಚಾರಗಳಿಗೆ 14567.

ಕೊನೆಗೆ ಒಂದು ವಿಷಯ, ದಯವಿಟ್ಟು ಬರೆದುಕೊಳ್ಳಿ. ವೈಕಲ್ಯದ ಪ್ರಮಾಣ ನಿರ್ಧರಿಸುವ ವೈದ್ಯಕೀಯ ಮಂಡಳಿಯ ಮುಂದೆ ಹೋಗುವ ದಿನ ಮಾತ್ರೆಯ ಪ್ರಭಾವದಲ್ಲಿ ಕಾಯಿಲೆಯವರು ಚೆನ್ನಾಗಿಯೇ ನಡೆಯುತ್ತಿರಬಹುದು. ಅದನ್ನು ನೋಡಿ ತೊಂದರೆ ಅಷ್ಟೇನೂ ಇಲ್ಲವೆಂದುಕೊಳ್ಳುವುದು ಸಹಜ. ಆದ್ದರಿಂದ ಒಂದು ವಾರ ಮೊದಲಿನಿಂದಲೇ ಮಾತ್ರೆ ಕೊಟ್ಟದ್ದು ಎಷ್ಟು ಗಂಟೆಗೆ, ಕಾಲು ಕಟ್ಟಿಕೊಂಡದ್ದು ಯಾವಾಗ, ಬಿದ್ದದ್ದು ಎಲ್ಲಿ, ಊಟಕ್ಕೆ ಹಿಡಿದ ಹೊತ್ತೆಷ್ಟು ಎಂದು ಒಂದು ನೋಟುಪುಸ್ತಕದಲ್ಲಿ ಗುರುತು ಹಾಕಿಡಿ. ಚೀಟಿಗಳ ಜೊತೆ ಆ ಪುಸ್ತಕವನ್ನೂ ವೈದ್ಯರ ಮೇಜಿನ ಮೇಲಿಡಿ. ನಮ್ಮ ಮನೆಯ ಪುಸ್ತಕದಲ್ಲಿ ಮೊದಲ ಪುಟದ ತಾರೀಖನ್ನು ಅಪ್ಪನೇ ಬರೆದಿದ್ದಾರೆ, ಸಾಸಿವೆಯಂಥ ಅಕ್ಷರದಲ್ಲಿ.

ನಮಸ್ಕಾರ.