ಕಲ್ಲಚ್ಚಿನಲ್ಲಿ ಮೂಡಿದ ಸೆನೆಟರ್

ಕೇಳುಗರಿಗೆಲ್ಲ ನಮಸ್ಕಾರ.

ರವಿವರ್ಮನ ಪ್ರೆಸ್ಸಿನ ಲಕ್ಷ್ಮಿ, ಸರಸ್ವತಿಯರ ಪಟಗಳನ್ನು ಹಳೆಯ ಮನೆಗಳ ಗೋಡೆಯ ಮೇಲೆ ನೀವು ನೋಡಿರುತ್ತೀರಿ. ಅವು ಬಣ್ಣದ ಕಲ್ಲಚ್ಚಿನ ಚಿತ್ರಗಳು. ಆ ಪ್ರೆಸ್ಸು ಹುಟ್ಟುವ ಮೊದಲೇ, 1870ರಲ್ಲಿ, ಅಮೆರಿಕದ ಬಾಸ್ಟನ್ನಿನಲ್ಲಿ ಇದೇ ವಿಧಾನದಲ್ಲಿ ಒಂದು ಭಾವಚಿತ್ರ ಅಚ್ಚಾಯಿತು. ಚಿತ್ರದಲ್ಲಿರುವವರು ಹೈರಮ್ ರೆವೆಲ್ಸ್, ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್ಟಿನ ಮೊದಲ ಕಪ್ಪುವರ್ಣೀಯ ಸದಸ್ಯ.

ರೆವೆಲ್ಸ್ ಪಾದ್ರಿಯಾಗಿದ್ದವರು. ಮಿಸಿಸಿಪ್ಪಿ ರಾಜ್ಯದಿಂದ ಆಯ್ಕೆಯಾಗಿ ಬಂದಾಗ ಅವರನ್ನು ಸದನದೊಳಗೆ ಬಿಡಬಾರದೆಂದು ಕೆಲವರು ಪಟ್ಟು ಹಿಡಿದರು. ಸೆನೆಟರ್ ಆಗಬೇಕಾದರೆ ಒಂಬತ್ತು ವರ್ಷ ನಾಗರಿಕನಾಗಿರಬೇಕು, ಕಪ್ಪು ಜನರಿಗೆ ಪೌರತ್ವ ಸಿಕ್ಕಿದ್ದೇ ಮೊನ್ನೆ ಮೊನ್ನೆ ಎಂಬುದು ಅವರ ವಾದ. ಹುಟ್ಟಿನಿಂದಲೇ ಸ್ವತಂತ್ರನಾಗಿದ್ದ ಮನುಷ್ಯನಿಗೆ ಎಂಥ ಮಾತು! ಕೊನೆಗೆ ಫೆಬ್ರವರಿ 25ರಂದು, 48ಕ್ಕೆ 8 ಮತಗಳಿಂದ ಅವರಿಗೆ ಪೀಠ ದಕ್ಕಿತು.

ಅದೇ ವರ್ಷ ಲೂಯಿ ಪ್ರಾಂಗ್ ಎಂಬ ಮುದ್ರಕ ಈ ಚಿತ್ರವನ್ನು ಹೊರತಂದ. ಮೂಲ ಚಿತ್ರ ಬರೆದವನು ಥಿಯೊಡೋರ್ ಕೌಫ್‌ಮನ್. ಇಬ್ಬರೂ ಜರ್ಮನ್ನರು, ಅಲ್ಲಿ ಅರಸರ ಆಳ್ವಿಕೆಯ ವಿರುದ್ಧ ಜನರ ಹಕ್ಕುಗಳಿಗಾಗಿ ನಡೆದ 1848ರ ಕ್ರಾಂತಿಯಲ್ಲಿ ಸೇರಿ ಆಮೇಲೆ ದೇಶ ಬಿಟ್ಟವರು. ಇಂಥವರ ಕೈಯಿಂದಲೇ ಈ ಚಿತ್ರ ಬಂದದ್ದು ಬರೀ ಆಕಸ್ಮಿಕ ಎಂದು ನನಗೆ ಅನ್ನಿಸುವುದಿಲ್ಲ.

ಕಲ್ಲಚ್ಚಿನ ಕೆಲಸ ಹೀಗೆ: ನುಣ್ಣಗೆ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಚಿತ್ರವನ್ನು ತಿರುಗುಮುರುಗಾಗಿ ಬರೆಯುತ್ತಾರೆ. ಕಲ್ಲನ್ನು ಹದಮಾಡಿ, ಒದ್ದೆ ಮಾಡಿ, ಎಣ್ಣೆಯ ಶಾಯಿ ಉರುಳಿಸಿದರೆ ಜಿಡ್ಡಿದ್ದಲ್ಲಿ ಶಾಯಿ ಹಿಡಿಯುತ್ತದೆ, ನೀರಿದ್ದಲ್ಲಿ ಹಿಡಿಯುವುದಿಲ್ಲ. ಬಣ್ಣದ ಚಿತ್ರವಾದರೆ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಕಾಗದ ಕೂದಲೆಳೆಯಷ್ಟು ಸರಿದರೂ ಮುಖ ಕೆಟ್ಟಿತು. ರೆವೆಲ್ಸರ ಮೈಬಣ್ಣ, ಕಣ್ಣಿನ ಗಾಂಭೀರ್ಯ ಕಾಗದಕ್ಕೆ ಇಳಿದದ್ದು ಇಷ್ಟು ಜತನದಿಂದ.

ಆ ಕಾಲದ ಪತ್ರಿಕೆಗಳಲ್ಲಿ ಕಪ್ಪು ಜನರ ಚಿತ್ರವೆಂದರೆ ಹೆಚ್ಚಾಗಿ ವಿಕಾರ ಮಾಡಿದ ವ್ಯಂಗ್ಯಚಿತ್ರವೇ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ದೊಡ್ಡ ನಾಯಕರಾದ ಫ್ರೆಡರಿಕ್ ಡಗ್ಲಸ್, ಪ್ರಾಂಗನಿಗೆ ಪತ್ರ ಬರೆದು ಈ ಚಿತ್ರವನ್ನು ಮೆಚ್ಚಿಕೊಂಡರು. ನಮ್ಮನ್ನು ಕೋತಿಗಳಂತೆ ಬರೆಯುವುದನ್ನೇ ಕಂಡಿದ್ದೇವೆ, ಇದೊಂದು ಹಾಗಿಲ್ಲವಲ್ಲ ಎಂಬುದು ಅವರ ಸಂತೋಷ. ಮನೆಯ ಗೋಡೆಗೆ ಚಿತ್ರ ತೂಗುಹಾಕುವ ಆಸೆ, ಬಿಡುವು ಎಲ್ಲ ಬರುವುದು ಸ್ವಾತಂತ್ರ್ಯದ ಜೊತೆಗೇ ಎಂದೂ ಅವರು ಬರೆದರು. ಈ ಮಾತಿಗಾಗಿಯೇ ನಾನು ಈ ಚಿತ್ರವನ್ನು ಆರಿಸಿಕೊಂಡದ್ದು. ತೈಲಚಿತ್ರವಾದರೆ ಒಬ್ಬ ಸಿರಿವಂತನ ಮನೆ ಸೇರುತ್ತಿತ್ತು. ಕಲ್ಲಚ್ಚಿನ ಪ್ರತಿ, ನಿನ್ನೆಯವರೆಗೆ ಮಾರಾಟದ ಸರಕಾಗಿದ್ದ ಕುಟುಂಬದ ಮನೆಗೂ ಹೋಗಬಹುದಿತ್ತು.

1872ರಲ್ಲಿ ನ್ಯೂಯಾರ್ಕಿನ ಕರಿಯರ್ ಅಂಡ್ ಐವ್ಸ್ ಸಂಸ್ಥೆ ಇನ್ನೊಂದು ಕಲ್ಲಚ್ಚಿನ ಚಿತ್ರ ಹೊರತಂದಿತು. ಅದರಲ್ಲಿ ರೆವೆಲ್ಸರ ಜೊತೆಗೆ ಕೆಳಮನೆಯ ಆರು ಮಂದಿ ಕಪ್ಪುವರ್ಣೀಯ ಸದಸ್ಯರಿದ್ದಾರೆ: ಟರ್ನರ್, ಡಿ ಲಾರ್ಜ್, ವಾಲ್ಸ್, ಲಾಂಗ್, ರೈನಿ, ಎಲಿಯಟ್. ಅಷ್ಟರಲ್ಲಿ ರೆವೆಲ್ಸ್ ಸೆನೆಟ್ಟಿನ ಅವಧಿ ಮುಗಿಸಿ, ಮಿಸಿಸಿಪ್ಪಿಯಲ್ಲಿ ಕಪ್ಪು ವಿದ್ಯಾರ್ಥಿಗಳಿಗಾಗಿ ತೆರೆದ ಆಲ್ಕಾರ್ನ್ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷರಾಗಿದ್ದರು.

ನಮಸ್ಕಾರ.